ಝೆರಾಕ್ಸ್ ಅಂಗಡಿಗೆ ಹೋಗಿ ಬರುವಷ್ಟರಲ್ಲಿ

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ನಾನು ಪ್ರಥಮ ದರ್ಜೆ ಸಹಾಯಕಿ. ಇಪ್ಪತ್ತೆರಡು ವರ್ಷಗಳಿಂದ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಪ್ರವೇಶದ ಕಿಟಕಿಯ ಹಿಂದೆ ಕೂರುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಿಟಕಿಯ ಆಚೆ ಸಾಮಾನ್ಯವಾಗಿ ಇಬ್ಬರಿರುತ್ತಾರೆ. ಮುಂದೆ ಅಪ್ಪ, ಅವರ ಹೆಗಲ ಹಿಂದೆ ಅರ್ಧ ಮುಖ ಕಾಣುವ ಹಾಗೆ ಹುಡುಗನೋ ಹುಡುಗಿಯೋ. “ಯಾವ ಕಾಂಬಿನೇಷನ್?” ಎಂದು ಮಗುವನ್ನು ನೋಡಿ ಕೇಳುತ್ತೇನೆ. “ಪಿಸಿಎಂಬಿ” ಎಂದು ಅಪ್ಪ ಹೇಳುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಎಂದರ್ಥ. ಕತ್ತನ್ನು ಒಂದಿಷ್ಟು ಓರೆ ಮಾಡಿ ಮತ್ತೆ ಮಗುವನ್ನೇ ಕೇಳುತ್ತೇನೆ. “ಪಿಸಿಎಂಬಿ ಮೇಡಂ, ಬರೆದುಕೊಳ್ಳಿ” ಎಂದು ಅಪ್ಪ ಇನ್ನೂ ಗಟ್ಟಿಯಾಗಿ ಹೇಳುತ್ತಾರೆ, ನನಗೆ ಕಿವಿ ಮಂದವೇನೋ ಎನ್ನುವ ಹಾಗೆ.

ಕೆಲವು ವರ್ಷಗಳಿಂದ ಒಂದು ಉಪಾಯ ಮಾಡಿಕೊಂಡಿದ್ದೇನೆ. “ಟಿಸಿಯ ಇನ್ನೆರಡು ಪ್ರತಿ ಬೇಕಿತ್ತಲ್ಲ, ಎದುರಿನ ಅಂಗಡಿಯಲ್ಲಿ ಝೆರಾಕ್ಸ್ ಮಾಡಿಸಿಕೊಂಡು ಬಂದುಬಿಡಿ” ಎನ್ನುತ್ತೇನೆ. ಬೇಕಿರುವುದಿಲ್ಲ. ರಸ್ತೆ ದಾಟಿ, ಸಾಲಿನಲ್ಲಿ ನಿಂತು, ಚಿಲ್ಲರೆಗೆ ಕಾದು ಬರಲು ಏಳೆಂಟು ನಿಮಿಷ ಬೇಕು. ಅಷ್ಟರಲ್ಲಿ ಮಗು ಬಾಯಿ ಬಿಡುತ್ತದೆ. “ನನಗೆ ಗಣಿತ ಬೇಡ ಮೇಡಂ, ಹೇಳಿದರೆ ಅಪ್ಪ ಊಟ ಬಿಡುತ್ತಾರೆ” ಎಂದವಳಿದ್ದಾಳೆ. “ಪಿಸಿಎಂಬಿಯಲ್ಲಿ ಕೊನೆಯ ಬಿ ಎಂದರೆ ಏನು ಮೇಡಂ?” ಎಂದು ಕೇಳಿದವನೂ ಇದ್ದಾನೆ. ಎರಡು ವರ್ಷ ಓದಬೇಕಾದ ವಿಷಯದ ಹೆಸರು ಅವನಿಗೆ ಗೊತ್ತಾದದ್ದು ಅರ್ಜಿಗೆ ಸಹಿ ಹಾಕುವ ದಿನ, ಅದೂ ಗುಮಾಸ್ತೆಯ ಬಾಯಿಂದ.

ಬೇರೆಯವರ ಮನೆಯ ಮಾತು ಆಡುವ ಮೊದಲು ನನ್ನ ಮನೆಯ ಲೆಕ್ಕ ಒಪ್ಪಿಸುತ್ತೇನೆ. 2015ರಲ್ಲಿ ನನ್ನ ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 541 ಅಂಕ ಬಂತು. ಅವನ ಪ್ರವೇಶ ಅರ್ಜಿಯನ್ನು ತುಂಬಿದ್ದು ನಾನೇ. ಕಾಂಬಿನೇಷನ್ ಅಂಕಣದಲ್ಲಿ ಪಿಸಿಎಂಬಿ ಎಂದು ಬರೆಯುವಾಗ ಅವನು ಮನೆಯಲ್ಲೂ ಇರಲಿಲ್ಲ, ಕ್ರಿಕೆಟ್ ಆಡಲು ಹೋಗಿದ್ದ. ಸಂಜೆ ಬಂದು, ಬೆವರು ಕೈಯಲ್ಲೇ, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದ. ಓದಿದ, ಸಿಇಟಿ ಬರೆದ, ಎಂಜಿನಿಯರ್ ಆದ, ಈಗ ಬೆಂಗಳೂರಿನಲ್ಲಿ ನನಗಿಂತ ಹೆಚ್ಚು ಸಂಬಳ ಪಡೆಯುತ್ತಾನೆ. ಊರಿನವರ ಕಣ್ಣಿಗೆ ಯಾವ ತೊಂದರೆಯೂ ಇಲ್ಲ. ಆದರೆ ಕಳೆದ ವರ್ಷ ಅವನು ಕೆಲಸ ಬದಲಿಸಿದ್ದು ನನಗೆ ತಿಳಿದದ್ದು ಮೂರು ತಿಂಗಳ ಮೇಲೆ, ಅದೂ ಅವನ ತಂಗಿಯ ಮೂಲಕ. ಓದು, ಕೆಲಸ ಎನ್ನುವ ವಿಷಯದಲ್ಲಿ ಅಮ್ಮನೊಡನೆ ಮಾತಿಲ್ಲ ಎಂದು ಅವನು ಹದಿನೈದನೆಯ ವಯಸ್ಸಿಗೇ ತೀರ್ಮಾನಿಸಿಬಿಟ್ಟಿದ್ದಾನೆ. ಸೀಟು ಸಿಕ್ಕಿತು, ಮಾತು ಹೋಯಿತು. ಹಾಗಾಗಿ ಇಲ್ಲಿ ನಾನು ಹೇಳುವುದು ಯಾವ ಕೋರ್ಸು ಒಳ್ಳೆಯದು ಎಂದಲ್ಲ, ಮಾತು ಉಳಿಸಿಕೊಳ್ಳುವುದು ಹೇಗೆ ಎಂದು. ಮಗಳ ವಿಷಯದಲ್ಲಿ ಹಾಗೆ ಮಾಡಲು ಹೆಣಗಿದ್ದೇನೆ.

ಎದುರು ಬದುರು ಕೂರಬೇಡಿ

ಫಲಿತಾಂಶದ ಮರುದಿನ ಆರಂಭಿಸುವ ಮಾತು ಮಾತಲ್ಲ, ಪಂಚಾಯಿತಿ. ಅಂಕಪಟ್ಟಿ ಮೇಜಿನ ಮೇಲೆ, ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ, ಬಾಗಿಲಲ್ಲಿ ಸೋದರಮಾವ. ಯಾವ ಮಗು ಏನು ಹೇಳೀತು? ಎಂಟು, ಒಂಬತ್ತನೆಯ ತರಗತಿಯಲ್ಲೇ ಶುರು ಮಾಡಿ. ಕೈಗೆ ಕೆಲಸವಿದ್ದು ಕಣ್ಣು ಕೆಳಗಿರುವ ಹೊತ್ತನ್ನು ಆರಿಸಿಕೊಳ್ಳಿ.

ನನ್ನ ಮಗಳು ಮೊದಲ ಸಲ ಮಾತಾಡಿದ್ದು ಅವರೆಕಾಯಿ ಕಾಲದಲ್ಲಿ. ಅವಳು ಒಂಬತ್ತನೆಯ ತರಗತಿಯಲ್ಲಿದ್ದಳು. ಹಿತಕಿದ ಬೇಳೆಗೆಂದು ರಾತ್ರಿಯೇ ಕಾಳು ನೆನೆಹಾಕಿ, ಭಾನುವಾರ ಬೆಳಿಗ್ಗೆ ನಾವಿಬ್ಬರೂ ಪಾತ್ರೆಯ ಮುಂದೆ ಕೂತಿದ್ದೆವು. ಎರಡು ಸೇರು ಕಾಳು ಹಿತುಕಬೇಕೆಂದರೆ ಒಂದೂವರೆ ಗಂಟೆ ಅಲುಗಾಡುವಂತಿಲ್ಲ, ಒಬ್ಬರ ಮುಖ ಒಬ್ಬರು ನೋಡುವ ಅಗತ್ಯವೂ ಇಲ್ಲ. ನಾನು ಏನನ್ನೂ ಕೇಳಿರಲಿಲ್ಲ. ಅರ್ಧ ಗಂಟೆಯಾದ ಮೇಲೆ ಅವಳೇ, “ಅಮ್ಮ, ನೀನು ಕಾಲೇಜಿನಲ್ಲಿ ಯಾವ ಪಾಠ ಮಾಡುತ್ತೀಯ?” ಎಂದಳು. ಬೆರಳ ಸಂದಿನ ಬೇಳೆ ಚಿಮ್ಮಿ ಗೋಡೆಗೆ ಹೋಯಿತು. ಹದಿನಾಲ್ಕು ವರ್ಷ ಜೊತೆಗಿದ್ದ ಮಗಳಿಗೆ ನಾನು ಪಾಠ ಮಾಡುವವಳಲ್ಲ ಎಂಬುದೇ ಗೊತ್ತಿರಲಿಲ್ಲ!

ಅವತ್ತು ನಾನು ಇಡೀ ದಿನ ಏನು ಮಾಡುತ್ತೇನೆಂದು ಹೇಳಿದೆ. ಹಾಜರಾತಿ ಪುಸ್ತಕ, ವಿದ್ಯಾರ್ಥಿವೇತನದ ಪಟ್ಟಿ, ಸಂಬಳದ ಬಿಲ್ಲು, ಖಜಾನೆಯಿಂದ ವಾಪಸು ಬಂದ ಬಿಲ್ಲು. ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಗೆ ಬರುವವರ ಮುಂದೆ ಎಲ್ಲ ರಸೀದಿಯೂ ತಾಳೆಯಾದಾಗ ಆಗುವ ಖುಷಿ. ಮಾರ್ಚ್ ತಿಂಗಳಲ್ಲಿ ಬರುವ ತಲೆನೋವು. ಒಂದೇ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತ ಬೇಸರ, ಅದರ ಜೊತೆಗೇ ಐದೂವರೆಗೆ ಮನೆಗೆ ಬರಬಹುದು ಎನ್ನುವ ನೆಮ್ಮದಿ. ಮಕ್ಕಳಿಗೆ ಭವಿಷ್ಯದ ಬಗ್ಗೆ ಹೇಳಬೇಕೆಂದಿದ್ದರೆ ಮೊದಲು ಇದನ್ನು ಹೇಳಿ. ನೀವು ತೋಟ ಮಾಡುವವರಾದರೆ ಕೊಬ್ಬರಿ ಹರಾಜಿನ ದಿನ ಹೇಗಿರುತ್ತದೆ, ಬೇಕರಿಯವರಾದರೆ ಬೆಳಗಿನ ಜಾವ ಮೂರಕ್ಕೆ ಎದ್ದು ಹಿಟ್ಟು ಕಲಸುವುದು ಹೇಗಿರುತ್ತದೆ, ಹೇಳಿ. ಸಿಹಿಯೊಂದನ್ನೇ ಹೇಳಬೇಡಿ, ಕಹಿಯೊಂದನ್ನೇ ಹೇಳುವ ಚಟವನ್ನೂ ಬಿಡಿ. “ನನ್ನ ಪಾಡು ನಿನಗೆ ಬರಬಾರದು” ಎಂದೇ ದಿನವೂ ಕೇಳಿ ಬೆಳೆದ ಮಗು ಕೆಲಸವೆಂದರೆ ಒಂದು ಕಾಯಿಲೆ ಎಂದುಕೊಳ್ಳುತ್ತದೆ.

“ಮುಂದೆ ಏನಾಗುತ್ತೀಯ?” ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಕೈಬಿಟ್ಟಿದ್ದೇವೆ. ಅದಕ್ಕೆ ಬರುವ ಉತ್ತರ ಒಂದು ಹುದ್ದೆಯ ಹೆಸರು, ಅಷ್ಟೇ. ಬದಲಿಗೆ ಚಿಕ್ಕದನ್ನು ಕೇಳಿ. ಮನೆಗೆಲಸ ಕೊಟ್ಟಾಗ ಯಾವ ಪುಸ್ತಕ ಮೊದಲು ತೆಗೆಯುತ್ತೀಯ? ಯಾವುದನ್ನು ಕೊನೆಗೆ ತಳ್ಳುತ್ತೀಯ? ಶಾಲೆಯ ವಾರ್ಷಿಕೋತ್ಸವದಲ್ಲಿ ನಿನಗೆ ವಹಿಸಿದ ಕೆಲಸ ಯಾವುದು, ವಹಿಸದೆ ನೀನೇ ಮೈಮೇಲೆ ಹಾಕಿಕೊಂಡದ್ದು ಯಾವುದು? ನನ್ನ ಮಗಳು ವಾರ್ಷಿಕೋತ್ಸವದಲ್ಲಿ ಕುಣಿಯಲಿಲ್ಲ, ಹಾಡಲಿಲ್ಲ. ತರಗತಿಯಿಂದ ಎತ್ತಿದ ಚಂದಾ ಹಣದ ಲೆಕ್ಕ ಬರೆದಳು, ಉಳಿದ 85 ರೂಪಾಯಿಯನ್ನು ತಲೆಗೆ ಇಷ್ಟು ಎಂದು ಹಿಂತಿರುಗಿಸಲು ಹೊರಟು ಎಲ್ಲರ ಕೈಯಲ್ಲಿ ನಗೆಪಾಟಲಾದಳು. ನಾನೂ ನಕ್ಕಿದ್ದೆ. ಆಮೇಲೆ ಅದೇ ನನಗೆ ಸಿಕ್ಕ ಮೊದಲ ಸುಳಿವು.

“ಗೊತ್ತಿಲ್ಲ” ಎಂದರೆ ಸುಮ್ಮನಾಗಿ. ಹದಿನೈದರ ಹುಡುಗನಿಗೆ ಗೊತ್ತಿಲ್ಲದಿರುವುದು ತಪ್ಪೇನಲ್ಲ. “ಇಷ್ಟು ವಯಸ್ಸಾದರೂ ಗೊತ್ತಿಲ್ಲವೇ” ಎಂದು ಒಮ್ಮೆ ಅಂದರೆ ಮುಂದಿನ ಸಲ ಅವನು ನಿಮಗೆ ಬೇಕಾದ ಉತ್ತರವನ್ನು ಒಪ್ಪಿಸಿ ಎದ್ದು ಹೋಗುತ್ತಾನೆ, ನೀವು ಅದನ್ನೇ ನಿಜವೆಂದು ನಂಬುತ್ತೀರಿ. ಅದು ಇನ್ನೂ ಅಪಾಯ. ಯೂಟ್ಯೂಬ್ ಮಾಡುತ್ತೇನೆ, ಕ್ರಿಕೆಟ್ ಆಡುತ್ತೇನೆ ಎಂದರೆ ನಗಬೇಡಿ. “ಸರಿ, ಹಾಗಾದರೆ ಈ ವಾರ ಒಂದು ವಿಡಿಯೊ ಮಾಡು, ಎಷ್ಟು ಗಂಟೆ ಹಿಡಿಯಿತು ಬರೆದಿಡು” ಎನ್ನಿ. ಹಂಬಲವೋ ಹುಮ್ಮಸ್ಸೋ ಎಂಬುದು ತಿಂಗಳೊಳಗೆ ಅವರಿಗೇ ತಿಳಿಯುತ್ತದೆ.

ಬೀದಿಯಲ್ಲಿ ಇರುವ ಕೆಲಸಗಳು

ಮಕ್ಕಳಿಗೆ ಗೊತ್ತಿರುವ ಕೆಲಸಗಳು ಬೆರಳೆಣಿಕೆಯಷ್ಟು. ಮೇಷ್ಟರು, ಡಾಕ್ಟರು, ಪೊಲೀಸರು, ಎಂಜಿನಿಯರು, ಮೊಬೈಲಿನಲ್ಲಿ ಕಾಣುವವರು. ಒಂದು ಸಂಜೆ ಮಗಳೊಡನೆ ನಮ್ಮ ಮನೆಯಿಂದ ಬಸ್ ನಿಲ್ದಾಣದವರೆಗೆ ನಡೆದು, ದಾರಿಯಲ್ಲಿ ಕಾಣುವ ಕೆಲಸಗಳನ್ನೆಲ್ಲ ಎಣಿಸಿದೆವು. ಒಂದೂಕಾಲು ಕಿಲೋಮೀಟರಿನಲ್ಲಿ ಮೂವತ್ತೊಂದು. ರಕ್ತ ಪರೀಕ್ಷಾ ಕೇಂದ್ರದಾಕೆ ಪ್ಯಾರಾಮೆಡಿಕಲ್ ಡಿಪ್ಲೊಮಾ ಮಾಡಿದವರು. ಭೂಮಾಪಕರು ಸಿವಿಲ್ ಡಿಪ್ಲೊಮಾ ಮಾಡಿದವರು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು ಬಿ.ಕಾಂ. ಸೌರ ಫಲಕ ಜೋಡಿಸುವ ಹುಡುಗ ಐಟಿಐ ಎಲೆಕ್ಟ್ರಿಷಿಯನ್, ಅವನ ಕೈಕೆಳಗೆ ನಾಲ್ವರಿದ್ದಾರೆ. ನೋಟರಿ ವಕೀಲರು, ಪಶು ಆಸ್ಪತ್ರೆಯ ವೈದ್ಯರು, ಬೆಳೆ ವಿಮೆಯವರು, ಮದುವೆ ಪತ್ರಿಕೆಯ ವಿನ್ಯಾಸ ಮಾಡುವವರು. ಪಟ್ಟಿ ಮನೆಯಲ್ಲಿ ಕ್ಯಾಲೆಂಡರ್ ಹಿಂದೆ ಇನ್ನೂ ಇದೆ.

ಪಟ್ಟಿಯಿಂದ ಒಂದೆರಡನ್ನು ಆರಿಸಿ ಹತ್ತಿರದಿಂದ ತೋರಿಸಿ. ಮಗಳು ಹತ್ತನೆಯ ತರಗತಿಯಲ್ಲಿದ್ದಾಗ ಜುಲೈ ತಿಂಗಳ ಎರಡು ಶನಿವಾರ ಮಧ್ಯಾಹ್ನ ಪರಿಚಯದ ಲೆಕ್ಕ ಪರಿಶೋಧಕರ ಕಚೇರಿಯಲ್ಲಿ ಕೂರಿಸಿದೆ. ಬೇಕೆಂದೇ ಜುಲೈ ಆರಿಸಿದ್ದೆ. ಆ ತಿಂಗಳ ಕೊನೆಗೆ ಆದಾಯ ತೆರಿಗೆ ವಿವರ ಸಲ್ಲಿಸುವ ಗಡುವು, ಕಚೇರಿ ಸಂತೆಯಂತಿರುತ್ತದೆ. ಕೆಲಸದ ಕೆಟ್ಟ ವಾರವನ್ನು ನೋಡಿಯೂ ಇಷ್ಟವಾದರೆ ಇಷ್ಟವೆಂದೇ ಅರ್ಥ. ಮೊದಲ ದಿನ ಬಂದವಳು, “ಅವರು ಲೆಕ್ಕ ಮಾಡುವುದೇ ಇಲ್ಲ ಅಮ್ಮ, ಇಡೀ ದಿನ ಫೋನಿನಲ್ಲಿ ದಾಖಲೆ ಕೊಡಿ ದಾಖಲೆ ಕೊಡಿ ಎಂದು ಜನರಿಗೆ ಗೋಗರೆಯುತ್ತಾರೆ” ಎಂದು ಮುಖ ಸಿಂಡರಿಸಿದಳು. ಎರಡನೆಯ ಶನಿವಾರ ಯಾವುದೋ ಅಂಗಡಿಯ ಲೆಕ್ಕದಲ್ಲಿ 1,240 ರೂಪಾಯಿ ತಾಳೆಯಾಗುತ್ತಿರಲಿಲ್ಲವಂತೆ. ಅಲ್ಲಿನ ಸಹಾಯಕರೊಡನೆ ಕೂತು ಎರಡು ಸಲ ಬರೆದ ಒಂದು ರಸೀದಿಯನ್ನು ಪತ್ತೆ ಹಚ್ಚಿದ್ದಾಳೆ. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು, ಮಲಗುವಾಗಲೂ ಅದೇ ಮಾತು. ಅವರಪ್ಪ ಮುದ್ದೆ ನುಂಗುತ್ತಾ ನನ್ನ ಕಡೆ ನೋಡಿದರು. ನಾವಿಬ್ಬರೂ ಏನೂ ಹೇಳಲಿಲ್ಲ. ಆ ಹೊತ್ತಿನಲ್ಲಿ ಏನೂ ಹೇಳದಿರುವುದು ಬಹಳ ಕಷ್ಟ, ಅಭ್ಯಾಸ ಮಾಡಿಕೊಳ್ಳಿ.

ಬಾಗಿಲುಗಳ ಲೆಕ್ಕ

ಮಕ್ಕಳೊಡನೆ ಮಾತಾಡುವ ಮೊದಲು ನಾವು ತಿಳಿದಿರಬೇಕಾದದ್ದೂ ಇದೆ. ಪ್ರೀತಿ ಮಾತ್ರ ಸಾಲದು. ಯಾವ ಕಾಂಬಿನೇಷನ್ ಯಾವ ಬಾಗಿಲು ಮುಚ್ಚುತ್ತದೆ ಎಂಬುದನ್ನು ತಂದೆ ತಾಯಿ ತಪ್ಪು ಹೇಳಿದರೆ ಮಾತಿನ ಬೆಲೆಯೇ ಹೋಗುತ್ತದೆ. ಕಿಟಕಿಯಲ್ಲಿ ನಾನು ದಿನಕ್ಕೆ ಐವತ್ತು ಸಲ ಹೇಳುವುದನ್ನು ಇಲ್ಲಿ ಒಮ್ಮೆ ಹೇಳುತ್ತೇನೆ.

ವಿಜ್ಞಾನದಿಂದ ವಾಣಿಜ್ಯಕ್ಕೆ, ಕಲೆಗೆ, ಕಾನೂನಿಗೆ ಆಮೇಲೆ ಹೋಗಬಹುದು, ಅತ್ತಲಿಂದ ಇತ್ತ ಬರಲಾಗದು. ಅದೊಂದು ಏಕಮುಖ ರಸ್ತೆ. ಹಾಗೆಂದು ಎಲ್ಲರೂ ಪಿಸಿಎಂಬಿಗೆ ನುಗ್ಗಬೇಕಿಲ್ಲ. ಬಾಗಿಲು ತೆರೆದಿರಲಿ ಎಂದು ಎರಡು ವರ್ಷ ಹೊಸ್ತಿಲ ಮೇಲೆ ನಿಲ್ಲಿಸಿದರೆ ಕಾಲು ನೋಯುವುದು ಮಗುವಿಗೆ. ಪಿಸಿಎಂಸಿ ತೆಗೆದುಕೊಂಡರೆ ಜೀವಶಾಸ್ತ್ರದ ಜಾಗದಲ್ಲಿ ಕಂಪ್ಯೂಟರ್ ವಿಜ್ಞಾನ, ಆದ್ದರಿಂದ ವೈದ್ಯಕೀಯ, ಪಶುವೈದ್ಯಕೀಯ, ಕೃಷಿ ಬಿ.ಎಸ್ಸಿ. ಕಡೆಗೆ ದಾರಿ ಕಷ್ಟ. ಸಿಇಟಿ ಎಂದರೆ ಎಂಜಿನಿಯರಿಂಗ್ ಎಂದುಕೊಂಡಿರುವವರೇ ಹೆಚ್ಚು. ಕೃಷಿ, ತೋಟಗಾರಿಕೆ, ಅರಣ್ಯ, ಪಶುವೈದ್ಯ, ಫಾರ್ಮಸಿ ಸೀಟುಗಳೂ ಅದರಲ್ಲೇ ಹಂಚಿಕೆಯಾಗುತ್ತವೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ತೋಟದ ಮನೆಯ ಮಗುವಿಗೆ ಕಾಳು, ಕಳೆ, ಗೊಬ್ಬರ ಗುರುತಿಸುವುದು ಅಂಕ ತಂದುಕೊಡುವ ವಿದ್ಯೆ ಎಂದು ಎಷ್ಟು ಅಪ್ಪಂದಿರಿಗೆ ಗೊತ್ತು? ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಕೋಟಾ ಇವೆ. ಪ್ರಮಾಣಪತ್ರಗಳನ್ನು ಬೇಸಿಗೆ ರಜೆಯ ಮೊದಲೇ ಮಾಡಿಸಿಟ್ಟುಕೊಳ್ಳಿ.

ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಎಂದ ಕೂಡಲೇ ಮುಖ ಸಣ್ಣ ಮಾಡುವವರಿಗೆ ಒಂದು ಮಾತು. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದಲ್ಲಿ ಪಿಯುಸಿ ಮಾಡಿದವರೂ ಸೇರಬಹುದು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿಯುಸಿಯ ನಂತರ ನಾಲ್ಕೇ ವರ್ಷದಲ್ಲಿ ಪದವಿಯೂ ಬಿ.ಎಡ್. ಕೂಡ ಸೇರಿ ಮುಗಿಯುವ ಕೋರ್ಸು ಇದೆ. ವಿಜ್ಞಾನ ಓದಿಯೂ ವೈದ್ಯಕೀಯ ಸೀಟಿನ ಹಿಂದೆ ಓಡಲು ಮನಸ್ಸಿಲ್ಲದವರಿಗೆ ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವುದೂ ಒಂದು ವೃತ್ತಿ ಎಂದು ಆ ಸಂಸ್ಥೆಯ ಎದುರು ಬಸ್ಸಿನಲ್ಲಿ ಹಾದು ಹೋದವರಿಗೂ ಹೊಳೆದಿರುವುದಿಲ್ಲ.

ಅಂಕ ಕಡಿಮೆ ಬಂದ ಮನೆಯಲ್ಲಿ ಐಟಿಐ, ಡಿಪ್ಲೊಮಾ ಎಂಬ ಪದಗಳನ್ನು ಬೈಗುಳದ ಹಾಗೆ ಬಳಸುವುದನ್ನು ಕೇಳಿದ್ದೇನೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ ಈಗ ಹಲವು ಜಿಲ್ಲೆಗಳಲ್ಲಿ ಶಾಖೆಗಳಿವೆ, ಎಸ್ಸೆಸ್ಸೆಲ್ಸಿ ಆದವರಿಗೆ ಅಲ್ಲಿ ಡಿಪ್ಲೊಮಾ ಇದೆ. ಕಬ್ಬಿಣದ ಜೊತೆ ಕೈ ಚೆನ್ನಾಗಿ ಓಡುವ ಹುಡುಗನನ್ನು ಜೀವಶಾಸ್ತ್ರದ ಕಪ್ಪೆ ಚಿತ್ರ ಬರೆಯಲು ಕೂರಿಸುವ ಬದಲು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ ಬನ್ನಿ.

ದುಡ್ಡಿನ ಹಾಳೆ

ಇದನ್ನು ಬಹಳ ಮನೆಗಳಲ್ಲಿ ಮುಚ್ಚಿಡುತ್ತಾರೆ. ಮಗು ಖಾಸಗಿ ಕಾಲೇಜಿನ ಕನಸು ಕಟ್ಟಿಕೊಂಡಿರುತ್ತದೆ, ಅಪ್ಪ “ನೋಡೋಣ” ಎನ್ನುತ್ತಲೇ ಇರುತ್ತಾರೆ, ಕೊನೆಗೆ ಶುಲ್ಕ ಕಟ್ಟುವ ದಿನ ಜಗಳ. ನಾವು ಹತ್ತನೆಯ ತರಗತಿಯ ಡಿಸೆಂಬರಿನಲ್ಲಿ ಒಂದು ಬಿಳಿ ಹಾಳೆ ತೆಗೆದುಕೊಂಡು ಕೂತೆವು. ಕಡಿತವೆಲ್ಲ ಹೋಗಿ ನನ್ನ ಕೈಗೆ ಬರುವ ಸಂಬಳ, ತೋಟದಿಂದ ಒಳ್ಳೆಯ ವರ್ಷ ಬರುವುದು, ಕೆಟ್ಟ ವರ್ಷ ಬರುವುದು, ಅತ್ತೆಯವರ ಔಷಧಿ, ಮಗನ ಓದಿಗೆ ತೆಗೆದ ಸಾಲದಲ್ಲಿ ಉಳಿದದ್ದು. ಎಲ್ಲ ಬರೆದು, ಕೆಳಗೆ ಗೆರೆ ಎಳೆದು, “ವರ್ಷಕ್ಕೆ ನಿನ್ನ ಓದಿಗೆ ಇಷ್ಟು, ಇದಕ್ಕಿಂತ ಹೆಚ್ಚಾದರೆ ಸಾಲ” ಎಂದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 7.5 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ, ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಬೇಕು, ಓದು ಮುಗಿದ ಮೇಲೆ ಕಂತು ತೀರಿಸಬೇಕಾದವಳು ಅವಳು ಎಂಬುದನ್ನೂ ಹೇಳಿದೆ.

ಅವಳು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಅಣ್ಣನ ಕೋಚಿಂಗಿಗೆ ಎಷ್ಟಾಯಿತು?” ಎಂದಳು. ಒಂದು ಲಕ್ಷದ ಎಂಬತ್ತೈದು ಸಾವಿರ ಎಂದೆ. “ಅವನಿಗೆ ಗೊತ್ತೇ?” ಎಂದಳು. ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ, ಅವನಿಗೆ ಭಾರವಾಗದಿರಲಿ ಎಂದು. ಆದರೆ ಆ ಎರಡು ವರ್ಷ ನನ್ನ ಮುಖದ ಮೇಲೆ ಆ ಭಾರವನ್ನು ಅವನು ದಿನವೂ ನೋಡಿರಬೇಕು, ಅದು ಏನೆಂದು ತಿಳಿಯದೆ. ಅಂಕೆ ಹೇಳಿಬಿಟ್ಟಿದ್ದರೆ ಹಗುರವಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಹಣದ ಮಾತನ್ನು ಲೆಕ್ಕವಾಗಿ ಹೇಳಿ, ಋಣವಾಗಿ ಹೇಳಬೇಡಿ. “ನಿನಗಾಗಿ ಒಡವೆ ಇಟ್ಟಿದ್ದೇವೆ” ಎನ್ನುವುದು ಲೆಕ್ಕವಲ್ಲ.

ನೆಂಟರ ವಿಷಯ ಬೇಗ ಮುಗಿಸುತ್ತೇನೆ. ಮಗಳಿಗೆ 589 ಅಂಕ ಬಂದು ಅವಳು ವಾಣಿಜ್ಯ ವಿಭಾಗಕ್ಕೆ ಸೇರಿದಾಗ ಅವಳ ದೊಡ್ಡಪ್ಪ, “ಇಷ್ಟು ಅಂಕ ತೆಗೆದು ಕಾಮರ್ಸೇ?” ಎಂದು ಊರೆಲ್ಲ ಕೇಳುವಂತೆ ಕೇಳಿದರು. ಇಂಥದ್ದಕ್ಕೆ ಮನೆಯಲ್ಲಿ ಮೊದಲೇ ಒಂದು ವಾಕ್ಯ ಸಿದ್ಧ ಮಾಡಿಟ್ಟುಕೊಳ್ಳಿ, ಮೂವರೂ ಅದನ್ನೇ ಹೇಳಿ. ನಮ್ಮ ವಾಕ್ಯ, “ಅವಳೇ ಹೋಗಿ ಕೆಲಸ ನೋಡಿಕೊಂಡು ಬಂದು ಆರಿಸಿಕೊಂಡಿದ್ದಾಳೆ ಭಾವ, ಕಾಫಿ ಆರಿಹೋಗುತ್ತದೆ.” ನೆಂಟರ ಮುಂದೆ ನೀವು ಮಗುವಿನ ಪರ ನಿಂತ ಆ ಅರ್ಧ ನಿಮಿಷವನ್ನು ಮಕ್ಕಳು ಮರೆಯುವುದಿಲ್ಲ. ಬಿಟ್ಟುಕೊಟ್ಟ ಅರ್ಧ ನಿಮಿಷವನ್ನಂತೂ ಮರೆಯುವುದೇ ಇಲ್ಲ.

ಆರಿಸಿದ ಮೇಲೂ ಮನಸ್ಸು ಬದಲಾಗಬಹುದು. ಮೊದಲ ಕೆಲವು ವಾರಗಳಲ್ಲಿ ಕಾಂಬಿನೇಷನ್ ಬದಲಿಸಿಕೊಡಿ ಎಂಬ ಅರ್ಜಿಗಳು ಪ್ರತಿ ವರ್ಷ ನನ್ನ ಮೇಜಿಗೆ ಬರುತ್ತವೆ, ಮನೆಯಲ್ಲಿ ಹೆದರಿ ತಡ ಮಾಡಿದವರವು ತಡವಾಗಿ ಬರುತ್ತವೆ. ಆದ್ದರಿಂದ ಸೇರಿಸುವ ದಿನವೇ ಹೇಳಿ: “ಹಿಡಿಸದಿದ್ದರೆ ಮೊದಲ ತಿಂಗಳಲ್ಲೇ ಹೇಳು, ಬೈಯುವುದಿಲ್ಲ.” ಹೇಳಿದಾಗ ನಿಜಕ್ಕೂ ಬೈಯಬೇಡಿ. ನನ್ನ ಮಗಳು ಈಗ ದ್ವಿತೀಯ ಪಿಯುಸಿ. ಲೆಕ್ಕ ಪರಿಶೋಧನೆಗಿಂತ ಕಾನೂನು ಚೆನ್ನಾಗಿರಬಹುದೇನೋ ಎಂದು ಕಳೆದ ತಿಂಗಳು ಪಾತ್ರೆ ಒರೆಸುತ್ತಾ ಅಂದಳು. ಪಾತ್ರೆ ಕೊಡುತ್ತಾ ಹೋದೆ.

ಕೊನೆಯದಾಗಿ, ಅರ್ಜಿಯನ್ನು ಮನೆಗೆ ತಂದ ದಿನ ಪೆನ್ನನ್ನು ಮಗುವಿನ ಕೈಗೆ ಕೊಡಿ. ಹೆಸರು, ವಿಳಾಸ, ಕಾಂಬಿನೇಷನ್, ಎಲ್ಲವನ್ನೂ ಅವರೇ ಬರೆಯಲಿ. ಕಾಟು ಹೊಡೆದರೆ ಚಿಂತೆಯಿಲ್ಲ, ಇನ್ನೊಂದು ಅರ್ಜಿ ಕೊಡುತ್ತೇವೆ. ಕಿಟಕಿ ಹತ್ತೂವರೆಗೆ ತೆರೆಯುತ್ತದೆ. ಅಂಕಪಟ್ಟಿ, ಟಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ನಾಲ್ಕು ಫೋಟೊ ತನ್ನಿ. ಝೆರಾಕ್ಸ್ ಮಾತ್ರ ಮೊದಲೇ ಮಾಡಿಸಿಕೊಂಡು ಬರಬೇಡಿ.